ಇವರ ವಾಕಿಂಗ್ ಮತ್ತು ನಮ್ಮ ಮಾಲ್

ಮಾಲ್‌ಗಳೆಂದರೆ ನನಗೆ ಎಂದೂ ಆಗಿಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ಒಂದು ಮಾಲಿನ ಪರವಾಗಿ ನಾನು ಆಡಲಿರುವ ಜಗಳವನ್ನು ಕೇಳಿ ನೀವು ನನ್ನನ್ನು ಶಾಪಿಂಗ್ ಹುಚ್ಚಿನವಳು ಎಂದುಕೊಂಡೀರಿ. ತರಕಾರಿಗೆ ವಾರದ ಸಂತೆ, ಸೀರೆಗೆ ಮೈಸೂರು, ಉಳಿದದ್ದಕ್ಕೆಲ್ಲ ದೆಹಲಿಯ ಕರೋಲ್ ಬಾಗ್ ಎಂದು ನನ್ನ ವ್ಯಾಪಾರದ ಭೂಗೋಳ ಬಹಳ ಹಿಂದೆಯೇ ನಿಗದಿಯಾಗಿದೆ. ಕರೋಲ್ ಬಾಗಿನಲ್ಲಿ ಅಂಗಡಿಯವನ ಜೊತೆ ಚೌಕಾಸಿ ಮಾಡಬಹುದು, ಸಿಟ್ಟು ಮಾಡಿಕೊಂಡು ಹೊರಟಂತೆ ನಟಿಸಬಹುದು, ಅವನು 'ಆಯಿಯೇ ಬೆಹೆನ್‌ಜಿ' ಎಂದು ಕರೆದಾಗ ಮುಖ ಗಂಟು ಹಾಕಿಕೊಂಡೇ ಹಿಂದಿರುಗಬಹುದು. ಮಾಲಿನಲ್ಲಿ ಈ ಸುಖವಿಲ್ಲ. ಅಲ್ಲಿ ಬೆಲೆಯನ್ನು ಚೀಟಿಯ ಮೇಲೆ ಅಚ್ಚು ಹಾಕಿ ಇಟ್ಟಿರುತ್ತಾರೆ. ಚೀಟಿಯ ಜೊತೆ ಯಾರು ಜಗಳವಾಡುತ್ತಾರೆ?

ಆದರೂ ನೋಯ್ಡಾದಲ್ಲಿ ನಾವಿರುವ ಫ್ಲ್ಯಾಟುಗಳ ಸೊಸೈಟಿಯ ಎದುರಿಗಿದ್ದ ಮಾಲನ್ನು ಮುಚ್ಚಿದ ದಿನದಿಂದ ನಾನು ಕೆಂಡವಾಗಿದ್ದೇನೆ. ಫೋನಿಗೆ ಸಿಕ್ಕಿದ ಬಂಧುಗಳಿಗೆಲ್ಲ ಹೇಳಿ ಮುಗಿಸಿದ್ದೇನೆ. ಮೈಸೂರಿನ ತಂಗಿ ಎರಡು ಸಲ ಸಹನೆಯಿಂದ ಕೇಳಿಸಿಕೊಂಡು, ಮೂರನೆಯ ಸಲ 'ಅಕ್ಕಾ, ಕುಕ್ಕರ್ ಕೂಗ್ತಿದೆ' ಎಂದು ಫೋನ್ ಇಟ್ಟಳು. ಮಧ್ಯಾಹ್ನ ಮೂರು ಗಂಟೆಗೆ ಅವಳ ಮನೆಯಲ್ಲಿ ಯಾವ ಕುಕ್ಕರೂ ಕೂಗುವುದಿಲ್ಲ. ಈಗ ಉಳಿದಿರುವವರು ನೀವೊಬ್ಬರೇ.

ನನ್ನ ಸಿಟ್ಟಿಗೆ ಕಾರಣ ಇವರ ಎದೆ. ಇವರು ಎಂದರೆ ನಮ್ಮ ಯಜಮಾನರು, ಕೊಡಗಿನವರು, ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಉಸಿರು ಸಾಲದಂಥ ಎತ್ತರದ ಬೆಟ್ಟಗಳಲ್ಲಿ ಕಾವಲು ಕಾಯುವಾಗ ತೊಂದರೆ ಕೊಡದ ಶ್ವಾಸಕೋಶ, ಮಗಳ ಜೊತೆಯಲ್ಲಿರೋಣವೆಂದು ನೋಯ್ಡಾಕ್ಕೆ ಬಂದು ನೆಲೆಸಿದ ಮೇಲೆ ಇಲ್ಲಿನ ಚಳಿಗಾಲಕ್ಕೆ ಸೋತುಹೋಯಿತು. ದೀಪಾವಳಿ ಕಳೆದು ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತೆಂದರೆ ಇವರ ಕೆಮ್ಮು ಶುರು. ಡಾಕ್ಟರು ಪರೀಕ್ಷೆ ಮಾಡಿ ಎರಡು ಮಾತು ಹೇಳಿದರು. ದಿನವೂ ತಪ್ಪದೆ ನಡೆಯಬೇಕು, ಇಲ್ಲವಾದರೆ ಎದೆ ಇನ್ನಷ್ಟು ಕುಗ್ಗುತ್ತದೆ. ಆದರೆ ಚಳಿಗಾಲ ಮುಗಿಯುವವರೆಗೆ ಹೊರಗಿನ ಗಾಳಿಯಲ್ಲಿ ನಡೆಯಕೂಡದು. ಹಾಗಾದರೆ ಎಲ್ಲಿ ನಡೆಯಬೇಕು ಎಂದು ನಾನು ಕೇಳಿದೆ. 'ವೋ ತೋ ಆಪ್ ದೇಖ್ ಲೀಜಿಯೇ, ಆಂಟಿಜಿ' ಎಂದರು. ಅದನ್ನು ನೀವೇ ನೋಡಿಕೊಳ್ಳಿ ಎನ್ನುವ ಈ ಮಾತನ್ನು ರಾಜಧಾನಿಯ ಹೆಬ್ಬಾಗಿಲ ಮೇಲೆ ಕೆತ್ತಿಸಬೇಕು. ನೀರು, ಗಾಳಿ, ರಸ್ತೆ ದಾಟುವುದು, ಎಲ್ಲವನ್ನೂ ಇಲ್ಲಿ ನಾವೇ ನೋಡಿಕೊಳ್ಳಬೇಕು. ಸರಿ, ನಾವೂ ನೋಡಿಕೊಂಡೆವು. ಎದುರಿಗೇ ಮಾಲ್ ಇತ್ತು.

ಅದು ಆಗಲೇ ಕೊನೆಯುಸಿರು ಎಳೆಯುತ್ತಿದ್ದ ಮಾಲ್. ಸಿನಿಮಾ ಮಂದಿರ ಹೋಗಿತ್ತು, ದೊಡ್ಡ ಬಟ್ಟೆಯಂಗಡಿ ಹೋಗಿತ್ತು. ಗಾಜಿನ ಹಿಂದೆ ಮೈಮೇಲೆ ಬಟ್ಟೆಯಿಲ್ಲದ ಬೊಂಬೆಗಳು ನಿಂತಿದ್ದವು. ಯಾರೋ ಪುಣ್ಯಾತ್ಮರು ಅವಕ್ಕೆ ಹಳೆಯ ಪತ್ರಿಕೆ ಸುತ್ತಿ ಮಾನ ಕಾಪಾಡಿದ್ದರು. ಎಸ್ಕಲೇಟರ್‌ಗಳಲ್ಲಿ ಮೇಲೆ ಹೋಗುವುದು ಕೆಟ್ಟು ನಿಂತಿತ್ತು, ಕೆಳಗೆ ಇಳಿಯುವುದು ಮಾತ್ರ ಹುರುಪಿನಿಂದ ಓಡುತ್ತಿತ್ತು. ಫುಡ್ ಕೋರ್ಟಿನಲ್ಲಿ ಮೋಮೋ ಮಾಡುವವನೊಬ್ಬ, ಸಾಂಬಾರಿಗೆ ಸಕ್ಕರೆ ಹಾಕುವ ದೋಸೆಯವನೊಬ್ಬ ಉಳಿದಿದ್ದರು. ಆದರೆ ಛಾವಣಿಯ ದೊಡ್ಡ ಕೊಳವೆಗಳಿಂದ ಸೋಸಿದ ಗಾಳಿ ಬರುತ್ತಿತ್ತು. ನುಣುಪಾದ ಉದ್ದನೆಯ ನೆಲವಿತ್ತು, ಅಟ್ಟಿಸಿಕೊಂಡು ಬರುವ ನಾಯಿಗಳಿರಲಿಲ್ಲ, ದಣಿದರೆ ಕೂರಲು ಬೆಂಚಿತ್ತು. ಶುಚಿಯಾದ ಟಾಯ್ಲೆಟ್ ಇತ್ತು. ಈ ಕೊನೆಯದರ ಬೆಲೆ ಹೆಂಗಸರಿಗೆ ಗೊತ್ತು, ಗಂಡಸರಿಗೆ ವಿವರಿಸಿ ಪ್ರಯೋಜನವಿಲ್ಲ.

ನಾವಿಬ್ಬರೇ ಏನಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಸುತ್ತಲಿನ ಸೊಸೈಟಿಗಳಿಂದ ಮಂಕಿ ಕ್ಯಾಪು, ಶಾಲು, ಬಿಳಿಯ ಶೂ ಧರಿಸಿದ ದೊಡ್ಡ ದಂಡೇ ಬರುತ್ತಿತ್ತು. ಇವರು ಅದನ್ನು ಕೆಲವೇ ದಿನಗಳಲ್ಲಿ ಪರೇಡ್ ಮಾಡಿಬಿಟ್ಟರು. ಎಡಕ್ಕೆ ನಡೆಯಬೇಕು, ತಿರುವಿನಲ್ಲಿ ನಿಂತು ಹರಟಬಾರದು, ಫೋನಿನಲ್ಲಿ ಭಜನೆ ಹಾಕಿಕೊಳ್ಳುವವರು ಸಾಲಿನ ಕೊನೆಗೆ ಹೋಗಬೇಕು. ಎಲ್ಲರೂ ಒಪ್ಪಿದರು, ದಿಕ್ಕಿನ ವಿಷಯ ಒಂದನ್ನು ಬಿಟ್ಟು. ಮಾಲಿನ ನಡುವೆ ಯಾವುದೋ ಹಬ್ಬಕ್ಕೆ ಅಲಂಕಾರಕ್ಕೆಂದು ತಂದಿಟ್ಟ ಥರ್ಮಾಕೋಲಿನ ಗಣೇಶನೊಬ್ಬ ಹಾಗೆಯೇ ಉಳಿದುಬಿಟ್ಟಿದ್ದ. ಇವರ ಪರೇಡು ಅವನನ್ನು ಅಪ್ರದಕ್ಷಿಣವಾಗಿ ಸುತ್ತುತ್ತಿತ್ತು. ಪಂಜಾಬಿ ಅಜ್ಜಿಯೊಬ್ಬರು ಇದು ಘೋರ ಅಪರಾಧವೆಂದು ಹಟ ಹಿಡಿದರು. ಸೈನ್ಯ ಮತ್ತು ಧರ್ಮ ಎರಡು ದಿನ ಎದುರುಬದುರು ನಡೆದು, ಭುಜಕ್ಕೆ ಭುಜ ತಾಕಿಸಿಕೊಂಡು, ಮೂರನೆಯ ದಿನ ಸೈನ್ಯ ಹಿಂದೆಗೆಯಿತು. ಅಲ್ಲಿಂದ ಮುಂದೆ ಗಣೇಶನ ಕಾಲ ಬಳಿ ದಿನವೂ ಚೆಂಡುಹೂವು ಕಾಣಿಸತೊಡಗಿತು. ಮಂಕಿ ಕ್ಯಾಪು ತೆಗೆದು ಮೊದಲು ಕೈಮುಗಿದವರು ಇವರೇ.

ನೀವು ಹೇಳಬಹುದು, ಮಾಲ್ ಕಟ್ಟಿದ್ದು ವ್ಯಾಪಾರಕ್ಕೆ, ನಿಮ್ಮ ವಾಕಿಂಗಿಗೆ ಅಲ್ಲ ಎಂದು. ಕಟ್ಟಿದ ಉದ್ದೇಶಕ್ಕೇ ಬಳಕೆಯಾಗುವ ಕಟ್ಟಡ ಲೋಕದಲ್ಲಿ ಎಲ್ಲಿದೆ? ನಮ್ಮ ಪಕ್ಕದ ಫ್ಲ್ಯಾಟಿನ ನಸ್ರೀನ್ ಮಂಗಳೂರಿನ ಹುಡುಗಿ, ಇಲ್ಲಿ ಐಟಿ ಕಂಪನಿಯಲ್ಲಿ ಕೆಲಸ. ಅವಳ ಗಂಡನನ್ನು ಅವಳ ಅಮ್ಮ ಮೊದಲು ನೋಡಿದ್ದು ಇದೇ ಮಾಲಿನ ಎರಡನೆಯ ಮಹಡಿಯ ಕಟಕಟೆಗೆ ಒರಗಿ. ಹುಡುಗ ಹುಡುಗಿ ಕೆಳಗೆ ಕಾಫಿ ಕುಡಿಯಲು ಬಂದಿದ್ದರು. ಅಮ್ಮನ ಧೈರ್ಯಕ್ಕೆ ನಾನು ಪಕ್ಕದಲ್ಲಿದ್ದೆ. ಮಾತು ಕೇಳಿಸದಷ್ಟು ದೂರ, ಮುಖ ಕಾಣಿಸುವಷ್ಟು ಹತ್ತಿರ. ಹೆಣ್ಣು ಹೆತ್ತವರಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ಯಾವ ಶಿಲ್ಪಿ ಕಟ್ಟಿಯಾನು? ಹುಡುಗ ಕೂರುವ ಮುಂಚೆ ಅವಳ ಕಡೆಯ ಮೇಜನ್ನೂ ಕಾಗದದಲ್ಲಿ ಒರೆಸಿದ. 'ಸಾಕು, ಇನ್ನು ನೋಡ್ಲಿಕ್ಕೆ ಏನಿಲ್ಲ' ಎಂದು ಆಕೆ ನನ್ನನ್ನು ಐಸ್‌ಕ್ರೀಮಿಗೆ ಎಳೆದುಕೊಂಡು ಹೋದರು. ದೆಹಲಿಯ ಸುತ್ತಮುತ್ತ ಎಷ್ಟು ಕನ್ನಡದ ಸಂಬಂಧಗಳು ಹೀಗೆ ಮಹಡಿಯಿಂದ ಕುದುರಿವೆಯೋ, ಯಾರಾದರೂ ಪಿಎಚ್‌ಡಿ ಮಾಡಬೇಕು.

ಇಂಥ ಮಾಲನ್ನು ಮುಚ್ಚುತ್ತೇವೆಂದು ಗಾಜಿಗೆ ನೋಟೀಸು ಅಂಟಿಸಿದರು. ಮಗಳು ದೇಚಮ್ಮನಿಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, 'ಅಮ್ಮಾ, ಮಾಲ್ ಕಲ್ಚರ್ ಅಬ್ ಖತಂ. ಈಗ ಜನಕ್ಕೆ ಓಪನ್ ಏರ್ ಬೇಕು' ಎಂದಳು. ಓಪನ್ ಏರ್ ಎಂಬ ಮಾತನ್ನು ನೋಯ್ಡಾದ ಚಳಿಗಾಲದಲ್ಲಿ, ಕಿಟಕಿಯ ಸಂದಿಗೆ ಟೇಪು ಹಚ್ಚಿಕೊಂಡು ಕೂತ ಮನೆಯೊಳಗೆ ಆಡಿದಳು. ಈಗ ಕಟ್ಟುತ್ತಿರುವುದೆಲ್ಲ ತೆರೆದ ಅಂಗಳದ ಅಂಗಡಿಸಾಲುಗಳಂತೆ. ಬಯಲಿನಲ್ಲಿ ಕುರ್ಚಿ ಹಾಕಿ, ಮೇಲೆ ಹಳದಿ ದೀಪ ಇಳಿಬಿಟ್ಟು ಕಾಫಿ ಕೊಡುತ್ತಾರೆ. ಉಸಿರಾಡಬೇಡಿ ಎಂದು ಶಾಲೆಗೆ ರಜೆ ಕೊಡುವ ಊರಿನಲ್ಲಿ ಬಯಲಿನಲ್ಲಿ ಕೂತು ಕಾಫಿ ಕುಡಿಯಿರಿ ಎನ್ನುವವರಿಗೆ ಏನು ಹೇಳುವುದು? ಅಂಗಡಿಗೆ ಹೋಗದೆಯೇ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆಗೆ ತರಿಸುವವಳು ನನ್ನ ಮಗಳೇ. ಮಾಲ್ ಕೊಂದವರಲ್ಲಿ ಅವಳೂ ಒಬ್ಬಳು. ಹೊಟ್ಟೆಯಲ್ಲಿ ಹುಟ್ಟಿದವಳೆಂದು ಸುಮ್ಮನಿದ್ದೇನೆ.

ಮದುವೆಗೆ ಮುಂಚೆ ಸ್ವಲ್ಪ ಕಾಲ ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ, ಆ ರೋಗ ಇನ್ನೂ ಬಿಟ್ಟಿಲ್ಲ. ನಮ್ಮ ಕಡೆಯ ರಾಜರು ಕೆರೆ ಕಟ್ಟಿಸುತ್ತಿದ್ದರು, ಅರವಟ್ಟಿಗೆ ಇಡುತ್ತಿದ್ದರು, ದಾರಿಹೋಕರಿಗೆ ಛತ್ರ ಮಾಡಿಸುತ್ತಿದ್ದರು. ಮಾಡಿದ್ದನ್ನು ಕಲ್ಲಿನ ಮೇಲೆ ಬರೆಸಿ, ಕೊನೆಗೆ ಒಂದು ಶಾಪವನ್ನೂ ಹಾಕಿಸುತ್ತಿದ್ದರು. ಇದನ್ನು ಕೆಡಿಸಿದವನು ಕಾಶಿಯಲ್ಲಿ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದೆಲ್ಲ. ಚಿಕ್ಕವಳಿದ್ದಾಗ ಈ ಶಾಪ ಅತಿಯಾಯಿತೆಂದು ನನಗೆ ಅನ್ನಿಸುತ್ತಿತ್ತು, ಈಗ ಕಡಿಮೆಯೇ ಆಯಿತೆನ್ನಿಸುತ್ತದೆ. ಆ ರಾಜರು ಪುಣ್ಯಕ್ಕೆಂದು ಕಟ್ಟಿಸಿದರು, ಪುಣ್ಯ ಬಂತು. ಮಾಲ್ ಕಟ್ಟಿಸಿದವನು ಲಾಭಕ್ಕೆಂದು ಕಟ್ಟಿಸಿದ. ಲಾಭ ಬರಲಿಲ್ಲ, ಆದರೆ ದಿನವೂ ಬೆಳಿಗ್ಗೆ ಅವನಿಗೆ ತಿಳಿಯದೆಯೇ ಪುಣ್ಯ ಬರುತ್ತಿತ್ತು. ಅದನ್ನು ಅವನು ನಷ್ಟದ ಕಡೆಗೆ ಬರೆದುಕೊಂಡ.

ನಾವೇನು ಸುಮ್ಮನೆ ಕೂರಲಿಲ್ಲ. ನಾನೂ ಇವರೂ ಪಂಜಾಬಿ ಅಜ್ಜಿಯೂ ಸೇರಿ ಮಾಲಿನ ಮ್ಯಾನೇಜರನ ಬಳಿಗೆ ಹೋದೆವು. ಕೋಟು ತೊಟ್ಟ ಹುಡುಗ, ಒಳ್ಳೆಯವನೇ, ಕುರ್ಚಿ ಕೊಟ್ಟು ನೀರು ತರಿಸಿದ. ಚಳಿಗಾಲ ಕಳೆಯುವವರೆಗಾದರೂ ಒಂದು ಮಹಡಿಯನ್ನು ತೆರೆದಿಡಿ, ಇವರಿಗೆ ನಡೆಯಲು ಬೇರೆ ಜಾಗವಿಲ್ಲ ಎಂದು ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ಮೆತ್ತಗಿನ ದನಿಯಲ್ಲಿ, 'ಆಂಟಿಜಿ, ಆಪ್‌ನೇ ಯಹಾಂ ಸೇ ಆಜ್ ತಕ್ ಲಿಯಾ ಕ್ಯಾ ಹೈ?' ಎಂದ. ಇಲ್ಲಿಂದ ಇವತ್ತಿನವರೆಗೆ ಏನು ಕೊಂಡಿದ್ದೀರಿ ಎಂದು ಕೇಳುತ್ತಿದ್ದಾನೆ. ನಾನು ತಡಕಾಡಿ, 'ಛತ್ರಿ' ಎಂದೆ. ಮಳೆಯೇ ಸರಿಯಾಗಿ ಬಾರದ ಊರಿನಲ್ಲಿ ಕೊಂಡ ಒಂದೇ ಒಂದು ಛತ್ರಿ, ಅದೂ ಅರ್ಧ ಬೆಲೆಗೆ. ಇವರು ಪಕ್ಕದಿಂದ, 'ಅಚ್ಛೀ ಛತ್ರಿ ಹೈ' ಎಂದು ಬೆಂಬಲ ಕೊಟ್ಟರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಏನನ್ನೂ ಕೊಳ್ಳದೆ ಒಂದಿಷ್ಟು ಹೊತ್ತು ಒಳ್ಳೆಯ ಗಾಳಿಯಲ್ಲಿ ಇರಲು ಈ ಊರಿನಲ್ಲಿ ಒಂದು ಜಾಗವನ್ನಾದರೂ ಯಾರಾದರೂ ಮಾಡಬೇಕಿತ್ತು. ಮಾಡಬೇಕಾದವರು ಮಾಡಲಿಲ್ಲ. ಬಟ್ಟೆ ಮಾರಲು ಬಂದವನು ತಪ್ಪಿ ಮಾಡಿದ. ನಾನು ಬೈಯಬೇಕಾದದ್ದು ಯಾರನ್ನು? ಮಾಡಬೇಕಾದವರ ವಿಳಾಸ ನನಗೆ ಗೊತ್ತಿಲ್ಲವಾದ್ದರಿಂದ ಆ ಹುಡುಗನನ್ನೇ ಬೈದು ಎದ್ದು ಬಂದೆ. ಪಾಪ, ತಿಂಗಳ ಕೊನೆಗೆ ಅವನ ಕೆಲಸವೂ ಹೋಯಿತಂತೆ.

ಬಾಗಿಲು ಮುಚ್ಚಿದ ಮೇಲೆ ಇವರು ಮನೆಯೊಳಗೇ ನಡೆಯತೊಡಗಿದರು. ಅಡುಗೆಮನೆಯಿಂದ ಬಾಲ್ಕನಿಯ ಬಾಗಿಲು, ಅಲ್ಲಿ ಶಿಸ್ತಿನಿಂದ ಹಿಂದೆ ತಿರುಗಿ ಮತ್ತೆ ಅಡುಗೆಮನೆ. ಗಾಳಿ ಶುದ್ಧ ಮಾಡುವ ಯಂತ್ರ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಒಂದು ದಿನ ನಾನು ಸಾರಿಗೆ ಒಗ್ಗರಣೆ ಹಾಕಿದೆ. ಒಂದೇ ಒಂದು ಒಣಮೆಣಸಿನಕಾಯಿ. ಇವರಿಗೆ ಹಿಡಿದ ಕೆಮ್ಮು ಬಿಡಲಿಲ್ಲ. ಗೋಡೆ ಹಿಡಿದು ಕುಸಿದು ಕೂತರು. ಬೆನ್ನು ಸವರುತ್ತ ನಾನೂ ನೆಲದ ಮೇಲೆ ಕೂತೆ. ಇಷ್ಟು ಹೊತ್ತು ಸಿಟ್ಟು ಸಿಟ್ಟು ಎಂದು ನಿಮಗೆ ಹೇಳುತ್ತಿರುವುದರ ಒಳಗೆ ಇರುವುದು ಹೆದರಿಕೆ. ಕೆಮ್ಮು ನಿಂತ ಮೇಲೆ ಇವರು, 'ಒಗ್ಗರಣೆ ಸೀದುಹೋಯ್ತು, ನೋಡು' ಎಂದರು. ಅವತ್ತು ಆ ಸಾರನ್ನೇ ಇಬ್ಬರೂ ಉಂಡೆವು.

ಉಪಾಯ ಹೇಳಿದವಳು ನಸ್ರೀನ್. 'ಆಂಟಿ, ಮೆಟ್ರೋ ಹತ್ರ ದೊಡ್ಡ ಆಸ್ಪತ್ರೆ ಉಂಟಲ್ಲ, ಅದರ ಕೆಳಗಿನ ಲಾಬಿ ಮಾಲಿನಷ್ಟೇ ಉದ್ದ. ಕಾಫಿ ಶಾಪ್ ಸಹ ಉಂಟು. ಅಂಕಲ್‌ನ ಅಲ್ಲಿಗೆ ಕರ್ಕೊಂಡು ಹೋಗಿ' ಎಂದಳು. ನಾನು ಬಿಡ್ತು ಅನ್ನು ಎಂದೆ. ಮಾರನೆಯ ದಿನ ಇವರು ಬಿಳಿಯ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ನಸ್ರೀನ್ ಹೇಳಿದ್ದು ನಿಜ. ನುಣುಪು ನೆಲ, ಸೋಸಿದ ಗಾಳಿ, ಕುಂಡಗಳಲ್ಲಿ ಗಿಡಗಳು. ನಾವು ಮೊದಲ ಸುತ್ತು ಮುಗಿಸುವ ಹೊತ್ತಿಗೆ ಗಾರ್ಡ್ ಬಂದು, 'ಪೇಷಂಟ್ ಕೌನ್ ಹೈ, ಸರ್?' ಎಂದು ಕೇಳಿದ. ನಾನು ಯಾರಾದರೂ ಬಂಧುವಿನ ಹೆಸರು ಹೇಳಿಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ, ಸುಳ್ಳು ಹೇಳಲು ಬಾರದ ಇವರು ನೆಟ್ಟಗೆ ನಿಂತು, 'ಅಭೀ ತಕ್ ಕೋಯಿ ನಹೀಂ' ಎಂದರು. ಇನ್ನೂ ಯಾರೂ ಇಲ್ಲ. ಗಾರ್ಡ್ ನಗಲಿಲ್ಲ. 'ಕೋಯಿ ಬಾತ್ ನಹೀಂ ಸರ್, ಕಾರ್ಡ್ ಅಭೀ ಬನ್‌ವಾ ಲೀಜಿಯೇ' ಎಂದು ಕೌಂಟರಿನ ಕಡೆ ಕೈ ತೋರಿಸಿದ. ಈಗಲೇ ಪೇಷಂಟಿನ ಕಾರ್ಡು ಮಾಡಿಸಿಟ್ಟುಕೊಳ್ಳಿ ಎಂದು, ತಾಯಿ ಮಗುವಿಗೆ ಸ್ವೆಟರ್ ಹಾಕಿಕೋ ಎನ್ನುವಷ್ಟು ಸಹಜವಾಗಿ.

ಅಂದಿನಿಂದ ನಾವು ಅಲ್ಲೇ ನಡೆಯುತ್ತೇವೆ, ಯಾರೂ ತಡೆಯುವುದಿಲ್ಲ. ಒಬ್ಬ ನರ್ಸು ಇವರನ್ನು ಕಂಡರೆ ಗುಡ್ ಮಾರ್ನಿಂಗ್ ಸಹ ಹೇಳುತ್ತಾಳೆ. ಆಸ್ಪತ್ರೆಯನ್ನು ಯಾರೂ ಮುಚ್ಚುವುದಿಲ್ಲ ಬಿಡಿ, ಆ ಚಿಂತೆ ನನಗಿಲ್ಲ. ಈ ಊರಿನಲ್ಲಿ ಉಸಿರಾಡುವವರೆಲ್ಲ ಒಂದಲ್ಲ ಒಂದು ದಿನ ತಮ್ಮ ಗಿರಾಕಿಗಳೇ ಎಂದು ಅವರಿಗೆ ಗೊತ್ತಿದೆ.