ಅಮಾವಾಸ್ಯೆಯ ಪೂಜೆಗೆ ಕುಳಿತ ಸರ್ವರ್

ಗೆಳೆಯರೇ, ಇಂದು ಬೆಲ್ಲದ ವರ್ತಕರ ಮುಂದೆ ನನ್ನ ಮರ್ಯಾದೆ ಹರಾಜಾಯಿತು. ಅಮಾವಾಸ್ಯೆ, ಮಹಾಲಿಂಗಪುರದ ಪೇಟೆಗೆ ರಜೆ. ಎಲ್ಲರನ್ನೂ ನನ್ನ ಅಂಗಡಿಗೆ ಕರೆದು, "ಇದಕ್ಕ ಯುಎಸ್‌ಎಸ್‌ಡಿ ಅಂತಾರ್ರಿ. ಇಂಟರ್ನೆಟ್ ಬ್ಯಾಡ, ಸಾದಾ ಫೋನಿನ್ಯಾಗ ಸ್ಟಾರ್, ನಂಬರ್, ಹ್ಯಾಶ್ ಒತ್ತಿದ್ರ ಬೆಲ್ಲದ ದರ ಬರತೈತಿ" ಎಂದು ಜಂಬ ಕೊಚ್ಚಿದ್ದೆ. ವರ್ತಕರು ಮೆಚ್ಚಿದರೆ ಈ ಸೇವೆ ಕೊಳ್ಳುವ ಒಪ್ಪಂದ ಇಂದೇ.

ನನಗಾಗಿ ಅದನ್ನು ತಯಾರಿಸಿದ ಜಮಖಂಡಿಯ ಎಂಜಿನಿಯರ್ ಸಂಗಮೇಶ ಕೈಬೀಸಿಕೊಂಡು ಬಂದ. "ದರ ಕಳಸೋ ಸರ್ವರ್ ಹಗಲು ರಾತ್ರಿ ಎದ್ದ ಇರತೈತ್ರಿ" ಎಂದ. ಹಿರಿಯ ವರ್ತಕ ಗಿರಿಮಲ್ಲಪ್ಪನವರು ತಮ್ಮ ಹಳೆಯ ಫೋನಿನಲ್ಲಿ ಒತ್ತಿದರು. "ಸೇವೆ ಲಭ್ಯವಿಲ್ಲ" ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ಅದೇ.

ಸಂಗಮೇಶ ಕೂಡಲೇ ಮನೆಗೆ ಫೋನ್ ಮಾಡಿದ. ಸ್ಪೀಕರ್ ಹಾಕಿಸಿದೆ. ಆಗ ತಿಳಿಯಿತು, ಸರ್ವರ್ ಎಂದರೆ ಅವನು ಮನೆಯಲ್ಲಿ ತೆರೆದಿಟ್ಟು ಬಂದ ಲ್ಯಾಪ್‌ಟಾಪ್!

"ಯವ್ವಾ, ಲ್ಯಾಪ್‌ಟಾಪ್ ಮುಚ್ಚೀಯೇನ?"

"ಹೂನೋ, ಇವತ್ತ ಅಮಾಸಿ ಅಲ್ಲ? ಮುಚ್ಚಿ, ವಿಭೂತಿ ಹಚ್ಚಿ, ಹೂ ಏರಿಸಿ ದೇವರ ಜಗಲಿ ಮ್ಯಾಲ ಇಟ್ಟೇನಿ. ಸಂಜೀತನಕ ಮುಟ್ಟಂಗಿಲ್ಲ."

"ತಗಿಯವ್ವಾ, ಇಲ್ಲಿ ಎಲ್ಲಾರೂ ಕಾಯಾಕತ್ತಾರ!"

"ಕಾಯ್ಲಿ. ನಿಮ್ಮಪ್ಪನ ಟ್ರ್ಯಾಕ್ಟರ್ ಸೈತ ಇವತ್ತ ಹೊರಗ ಹೋಗಿಲ್ಲ."

ಗಿರಿಮಲ್ಲಪ್ಪನವರು ಫೋನ್ ಕಿಸೆಗೆ ಹಾಕಿ ಎದ್ದರು. "ಛಲೋ ಆತು ಬಿಡ್ರಿ ಸಾವಕಾರ್ರ. ಅಮಾಸಿಗೆ ನಮ್ಮ ಪೇಟಿನೂ ಬಂದ್, ನಿಮ್ಮ ಮಷೀನೂ ಬಂದ್. ಜೋಡಿ ಕೂಡೇತಿ."

ಒಪ್ಪಂದ ಮುಂದಕ್ಕೆ ಹೋಯಿತು. ಮೊದಲು ಖರೇ ಸರ್ವರ್ ಬಾಡಿಗೆಗೆ ಹಿಡಿ ಎಂದು ಹೇಳಿ ಸಂಗಮೇಶನನ್ನು ಬಸ್ಸು ಹತ್ತಿಸಿದೆ. ಅವನ ಆ ಸರ್ವರನ್ನು ಇಂದು ನಂಬಿ ಕೈಮುಗಿದವರು ಅವನ ತಾಯಿಯೊಬ್ಬರೇ.