ಇಳಿಯುವ ದಾರಿ ಬರೆಯದ ಬೆಟ್ಟ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಯ ಗೋಡೆಯ ಮೇಲಾದರೂ ಬೆಟ್ಟ, ಹೊಳೆ, ತೆಂಗಿನಮರಗಳ ಚಿತ್ರ ಕಂಡರೆ ಅದರ ಅಂದಚೆಂದ ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಈ ಬೆಟ್ಟವನ್ನು ಯಾವ ಕಡೆಯಿಂದ ಹತ್ತಬೇಕು, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿ ಕಾಫಿ ಸಿಗುತ್ತದೆಯೇ ಎಂದು ಯೋಚಿಸತೊಡಗುತ್ತೇನೆ. ಕಲಾಭಿಮಾನಿ ಗೆಳೆಯರು ನನ್ನನ್ನು ಚಿತ್ರಪ್ರದರ್ಶನಗಳಿಗೆ ಕರೆಯುವುದನ್ನು ಬಿಟ್ಟು ಬಹಳ ಕಾಲವಾಯಿತು. ತಪ್ಪು ನನ್ನದಲ್ಲ ಸ್ವಾಮಿ, ನಮ್ಮೂರಿನದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಚಿತ್ರ ನೋಡುವ ಕ್ರಮವೇ ಹಾಗಿತ್ತು.

ಅರವತ್ತರ ದಶಕದ ಮಾತು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ನಾನು ಆಗಷ್ಟೇ ಬೆಂಗಳೂರಿನ ಆಫೀಸೊಂದಕ್ಕೆ ಸೇರಿ ದಿನವೂ ರೈಲಿನಲ್ಲಿ ಓಡಾಡುತ್ತಿದ್ದೆ. ಅಕ್ಕ ವನಜಳಿಗೆ ಹೊಸಕೋಟೆಯ ಹೈಸ್ಕೂಲು ಮೇಷ್ಟ್ರೊಬ್ಬರ ಸಂಬಂಧ ಬಂದಿತ್ತು. ಜಾತಕ ಕೂಡಿತ್ತು, ಎರಡೂ ಮನೆಯ ಹಿರಿಯರಿಗೆ ಒಪ್ಪಿಗೆಯಾಗಿತ್ತು. ಒಪ್ಪದೆ ಉಳಿದವಳು ಅಕ್ಕ ಒಬ್ಬಳೇ. ಮೇಷ್ಟ್ರ ಮೇಲೆ ಅವಳ ತಕರಾರೇನೂ ಇರಲಿಲ್ಲ. ಅವಳಿಗೆ ಮದುವೆಯೆಂದರೇ ಭಯ. "ಇನ್ನೊಂದ್ಸಲ ಬರ್ತಾರಲ್ಲ, ಅವತ್ತು ಹೇಳ್ತೀನಿ" ಎಂದು ಗಡುವು ಪಡೆದಿದ್ದಳು. ಅಪ್ಪ ಬಲವಂತ ಮಾಡುವವರಲ್ಲ. ಅವಳು ಒಲ್ಲೆ ಎಂದರೆ ಆ ಸಂಬಂಧ ಅಲ್ಲಿಗೆ ಮುಗಿಯುತ್ತಿತ್ತು. ಆದ್ದರಿಂದ ಅವಳಿಗೆ ಧೈರ್ಯ ತುಂಬಲು ಅವರು ನಡುಮನೆಯ ಗೋಡೆಯ ಮೇಲೆ ಒಂದು ಚಿತ್ರ ಬರೆಸಲು ಹೊರಟರು.

ಚಿತ್ರದ ಹೆಸರು 'ಸಂಸಾರಗಿರಿ'. ಮನುಷ್ಯ ಪ್ರಾಯಕ್ಕೆ ಬಂದ ಮೇಲೆ ಎದುರಿಸುವ ಕಷ್ಟಗಳೆಲ್ಲ ಅದರಲ್ಲಿ ದಾರಿಯುದ್ದಕ್ಕೂ ಬರಬೇಕು: ಬುಡದಲ್ಲಿ ಚಿಂತೆಯ ಹೊಳೆ, ಅದನ್ನು ದಾಟಿದರೆ ಹೊಟ್ಟೆಕಿಚ್ಚಿನ ಕಾಡು, ಆಮೇಲೆ ಕೋಪದ ಕಣಿವೆ, ರೋಗರುಜಿನದ ಬಂಡೆ. ಎಲ್ಲವನ್ನೂ ದಾಟಿದವರಿಗೆ ತುದಿಯಲ್ಲಿ ಶಾಂತಿಮಂಟಪ. ಬರೆಯಲು ಬಂದವನು ಮುನಿಶಾಮಪ್ಪ, ನಾಟಕದ ಪರದೆಗಳ ಚಿತ್ರಗಾರ. ಅರಮನೆ, ಸೆರೆಮನೆ, ಸ್ಮಶಾನ, ಈ ಮೂರರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆಟ್ಟ ಮಾತ್ರ ಅವನಿಗೆ ಹೊಸದು. ತಾನು ಹತ್ತಿದ್ದ ಒಂದೇ ಒಂದು ಬೆಟ್ಟ ಶಿವಗಂಗೆಯಾದ್ದರಿಂದ ಅದನ್ನೇ ಬರೆದುಬಿಟ್ಟ. ಶಿವಗಂಗೆ ಒಂದು ದಿಕ್ಕಿನಿಂದ ಬಸವನಂತೆ, ಇನ್ನೊಂದರಿಂದ ಗಣಪತಿಯಂತೆ, ಮತ್ತೊಂದರಿಂದ ಲಿಂಗದಂತೆ, ಉಳಿದದ್ದರಿಂದ ಹೆಡೆಯೆತ್ತಿದ ಹಾವಿನಂತೆ ಕಾಣುತ್ತದೆನ್ನುತ್ತಾರೆ. ಮುನಿಶಾಮಪ್ಪ ಬಸವನ ಕಡೆಯಿಂದ ಬರೆದಿದ್ದ. ಬೀದಿಯ ಮಕ್ಕಳೂ ಗುರುತು ಹಿಡಿದವು.

ತೊಂದರೆ ಶುರುವಾದದ್ದೇ ಅಲ್ಲಿ. ಪಕ್ಕದ ಮಗ್ಗದ ಮನೆಯ ಚೌಡಮ್ಮ ಎಲೆಯಡಿಕೆ ಮೆಲ್ಲುತ್ತ ಬಂದು ನೋಡಿ, "ಏನಪ್ಪಾ ಮುನಿಶಾಮಿ, ಶಿವಗಂಗೇಲಿ ಹೊಳೆ ಎಲ್ಲೈತೆ?" ಎಂದು ಕೇಳಿದರು.

"ಅದು ಚಿಂತೆ ಹೊಳೆ ಕಣಮ್ಮೋ."

"ಯಾರದಾದ್ರೂ ಆಗ್ಲಿ, ಅಲ್ಲಿ ಹೊಳೆ ಇಲ್ಲ. ಕಲ್ಯಾಣಿ ಐತೆ."

ನಾಟಕದವರ ಸಹವಾಸದಲ್ಲಿ ಪಳಗಿದ ಮುನಿಶಾಮಪ್ಪ ಪ್ರೇಕ್ಷಕರ ಮಾತನ್ನು ಎಂದೂ ಮೀರಿದವನಲ್ಲ. ಮರುದಿನ ಚಿಂತೆಯ ಹೊಳೆ ಬತ್ತಿ ಕಲ್ಯಾಣಿಯಾಗಿತ್ತು. ಆಮೇಲೆ ಬಂದವರು, ಬಂಡೆಯ ಮೇಲೆ ಕಾಡೆಲ್ಲಿಂದ ಬಂತೆಂದರು, ಹೊಟ್ಟೆಕಿಚ್ಚು ಮಾಯವಾಯಿತು. ಕೋಪದ ಕಣಿವೆ ಇರುವಲ್ಲಿ ತಾವು ಖುದ್ದಾಗಿ ಇಡ್ಲಿ ತಿಂದಿರುವುದಾಗಿ ಇನ್ನೊಬ್ಬರು ಸಾಕ್ಷಿ ಹೇಳಿದರು. ಅಲ್ಲೊಂದು ಹೋಟೆಲೆದ್ದು ಹೊಗೆಯಾಡಿತು. ಸಂಜೆ ಕಚೇರಿಯಿಂದ ಬಂದ ಅಪ್ಪ ಕಂಗಾಲು. "ಇದು ಶಿವಗಂಗೆ ಅಲ್ಲ ಕಣ್ರಯ್ಯಾ, ಸಂಸಾರ!" ಎಂದು ಕೂಗಾಡಿದರು. ಚೌಡಮ್ಮ ತಣ್ಣಗೆ, "ಸಂಸಾರ ಆದ್ರೆ ಅದ್ಯಾಕೆ ಸ್ವಾಮಿ ಶಿವಗಂಗೆ ಥರ ಐತೆ?" ಎಂದರು. ಅಪ್ಪ ಮುನಿಶಾಮಪ್ಪನನ್ನು ಮತ್ತೆ ಕರೆಸಿದರು. ಕಷ್ಟಗಳನ್ನೆಲ್ಲ ಅವುಗಳ ಜಾಗದಲ್ಲೇ ಮತ್ತೆ ಬರೆಸಿದರು. ಹೋಟೆಲು ಮಾತ್ರ, ಹೇಗೋ ಏನೋ, ಹಾಗೆಯೇ ಉಳಿದುಕೊಂಡಿತು.

ಈ ಜಗಳದಲ್ಲಿ ಯಾರ ಕಡೆ ನ್ಯಾಯವಿತ್ತೆಂದು ಇಂದಿಗೂ ನನಗೆ ಕುತೂಹಲ. ಮನುಷ್ಯನಿಗೆ ತನ್ನ ಬಾಳನ್ನು ಊರು, ದಾರಿ, ಬೆಟ್ಟವಾಗಿ ಕಾಣುವ ಆಸೆ ಏಕೆ? ನಮ್ಮ ಹಿರಿಯರು ಪರಮಪದದ ಪಟ ಮಾಡಿದರು. ಪುಣ್ಯಕ್ಕೊಂದು ಏಣಿ, ಪಾಪಕ್ಕೊಂದು ಹಾವು, ಕೈಯಲ್ಲಿ ದಾಳ. ವೈಕುಂಠ ಏಕಾದಶಿಯಂದು ಅಜ್ಜಿಯೊಡನೆ ಆಡುವಾಗ ಮೋಕ್ಷದ ಹತ್ತಿರ ಹೋದ ನನ್ನನ್ನು ಹಾವು ನುಂಗಿ ಬುಡಕ್ಕೆ ತಂದು ಹಾಕುತ್ತಿತ್ತು, ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು. ಆ ಪಟದಲ್ಲಿ ಬೀಳುವುದೂ ಆಟದ ಒಂದು ಭಾಗ. ಬಿದ್ದವನು ಮತ್ತೆ ದಾಳ ಹಾಕುತ್ತಾನೆ, ಅಷ್ಟೇ. ಅಪ್ಪನ ಗಿರಿಯಲ್ಲಿ ಅಂಥ ಸಡಿಲವೇ ಇರಲಿಲ್ಲ. ಅಲ್ಲಿ ಎಲ್ಲರೂ ಸೊಂಟ ಬಗ್ಗಿಸಿಕೊಂಡು ಹತ್ತುತ್ತಲೇ ಇರಬೇಕು.

ಅಕ್ಕ ತಲೆ ಬಾಚಿಕೊಳ್ಳುತ್ತ ಚಿತ್ರದ ಮುಂದೆ ನಿಲ್ಲುವಳು. ಧೈರ್ಯ ಬರುವುದಿರಲಿ, ಅವಳ ಮುಖ ದಿನೇ ದಿನೇ ಬಾಡತೊಡಗಿತು. ಒಂದು ಬೆಳಿಗ್ಗೆ ನನ್ನನ್ನು ಕರೆದು, "ಇದರಲ್ಲಿ ಹತ್ತೋದು ಬಿಟ್ರೆ ಬೇರೆ ಏನಿದೆಯೋ? ಎಲ್ಲಾದ್ರೂ ಒಂದ್ಗಳಿಗೆ ಕೂತ್ಕೊಳ್ಳೋಣ ಅಂದ್ರೂ ಜಾಗ ಇಲ್ವಲ್ಲೋ" ಎಂದಳು. ಹೋಟೆಲು ತೋರಿಸಿದೆ. ನಗಲಿಲ್ಲ. ಅವಳು ಭಯದಿಂದ ಒಲ್ಲೆ ಎಂದು ಆಮೇಲೆ ಒಬ್ಬಳೇ ಕೊರಗುತ್ತಾಳೆಂದು ನನಗೆ ಗೊತ್ತಿತ್ತು. ಚಿತ್ರ ತೆಗೆಸಿ ಎಂದು ಅಪ್ಪನಿಗೆ ಹೇಳಿದರೆ, ಬಣ್ಣ ಇನ್ನೂ ಒಣಗಿಲ್ಲ ಎಂದರು.

ಹೊಸಕೋಟೆಯವರು ಬಂದರು. ನಡುಮನೆಯಲ್ಲಿ ಸಂಸಾರಗಿರಿಯ ಕೆಳಗೇ ಚಾಪೆ. ಮುನಿಶಾಮಪ್ಪನೂ ಮೆಚ್ಚುಗೆಯ ಮಾತಿಗಾಗಿ ಕುಂಚ ಹಿಡಿದು ಮೂಲೆಯಲ್ಲಿ ಕೂತಿದ್ದ. ನಮ್ಮ ಬೀದಿಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಎರಡೂ ಕಡೆ ಪವರ್‌ಲೂಮುಗಳು ಹಗಲೆಲ್ಲ ಧಡಧಡ ಬಡಿಯುತ್ತಿದ್ದುದರಿಂದ ನಾವು ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದೆವು, ಅದು ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ. ಆ ಧೈರ್ಯದಲ್ಲಿ ಅಕ್ಕ ಅಡುಗೆಮನೆಯಲ್ಲಿ ಅಮ್ಮನಿಗೆ ಮನಸ್ಸಿನಲ್ಲಿದ್ದುದನ್ನು ಹೇಳುತ್ತಿದ್ದಳು. ಅದೇ ಹೊತ್ತಿಗೆ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನಿಶ್ಶಬ್ದದಲ್ಲಿ ಅಕ್ಕನ ಕೂಗು ನಡುಮನೆಗೆ ಬಂದು ಬಿತ್ತು:

"ಹತ್ತಿದ್ಮೇಲೆ ಇಳಿಯೋದು ಹೇಗಮ್ಮಾ? ಇಳಿಯೋಕೆ ದಾರೀನೇ ಇಲ್ದಿದ್ರೆ ನಾನು ಒಲ್ಲೆ!"

ಅಪ್ಪ ತಲೆ ತಗ್ಗಿಸಿದರು. ಹುಡುಗನ ಸೋದರಮಾವ ಕಾಫಿ ಲೋಟ ಕೆಳಗಿಟ್ಟರು. ಸಂಬಂಧ ಮುರಿಯಿತೆಂದು ನಾನು ಬಾಗಿಲ ಕಡೆ ನೋಡತೊಡಗಿದೆ. ಮೇಷ್ಟ್ರು ಮಾತ್ರ ಎದ್ದು ಹೋಗಿ, ಮೂಗು ಗೋಡೆಗೆ ತಗಲುವಷ್ಟು ಹತ್ತಿರದಿಂದ ಚಿತ್ರವನ್ನು ಬುಡದಿಂದ ತುದಿಯವರೆಗೆ ಪರೀಕ್ಷಿಸಿದರು.

"ಅವರು ಹೇಳೋದು ಸರಿ ಸಾರ್. ಇದರಲ್ಲಿ ಇಳಿಯೋ ದಾರಿ ಬರೆದಿಲ್ಲ."

"ಸಂಸಾರ ಅಂದ್ಮೇಲೆ ಇಳಿಯೋದು ಅಂತಿದೆಯೇನ್ರೀ?" ಅಪ್ಪ ತಲೆಯೆತ್ತಿ ಕೇಳಿದರು.

"ಸಂಸಾರದಿಂದ ಅಲ್ಲ ಸಾರ್, ಬೆಟ್ಟದಿಂದ. ಶಿವಗಂಗೆಗೆ ಹೋದೋರು ಸಂಜೆ ಬಸ್ಸಿಗೆ ಇಳೀತಾರೆ. ಮೇಲೆ ಕೂತ್ಕೊಂಡು ಏನು ಮಾಡೋದು? ಮನೆ ಕೆಳಗಿದೆಯಲ್ಲ, ಊಟಕ್ಕೆ ಬರಬೇಡವೇ?"

ಅಡುಗೆಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಮ್ಮನಲ್ಲ, ಅಮ್ಮ ಆಗ ನಗುವ ಸ್ಥಿತಿಯಲ್ಲಿರಲಿಲ್ಲ. ಮುನಿಶಾಮಪ್ಪ ಅಪ್ಪಣೆಗೂ ಕಾಯದೆ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ ಮೆಟ್ಟಿಲು ಬರೆಯಲು ತೊಡಗಿದ. ಕರೆಂಟು ಬರುವ ಮೊದಲೇ ಅಕ್ಕ ಹೊರಗೆ ಬಂದು, ಮೇಷ್ಟ್ರಿಗೆ ತಾನೇ ಇನ್ನೊಂದು ಲೋಟ ಕಾಫಿ ಕೊಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಯಾರೂ ಒಪ್ಪಿಗೆ ಹೇಳಿದ್ದಿಲ್ಲ. ಅಪ್ಪ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ.

ಮದುವೆಯ ನಂತರ ಕಷ್ಟಗಳು ಬಾರದೆ ಇರಲಿಲ್ಲ. ಅಕ್ಕನ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಭಾವನಿಗೆ ಗೊತ್ತಿಲ್ಲದ ಊರಿಗೆ ವರ್ಗವಾಯಿತು, ಒಂದು ಮಗು ಉಳಿಯಲಿಲ್ಲ. ಅಪ್ಪನ ಹೊಳೆ, ಕಾಡು, ಕಣಿವೆ ಯಾವುದೂ ಬರಿಯ ಬಣ್ಣವಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅವರು ಹೊಸಕೋಟೆಗೆ ಮರಳಿದ ಮೇಲೆ ಒಂದು ಭಾನುವಾರ ನೋಡಲು ಹೋಗಿದ್ದೆ. ಅಕ್ಕನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಅಂಜುತ್ತಲೇ ಕೇಳಿದೆ: "ಅಕ್ಕಾ, ಸಂಸಾರಗಿರೀಲಿ ನೀವಿಬ್ರೂ ಈಗ ಎಲ್ಲಿಗೆ ಬಂದಿದೀರಿ? ತುದಿ ಹತ್ತಿರವೇ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನೋಡಿದಳು. "ಎಲ್ಲಿ ತುದಿಯೋ! ನಾವಿನ್ನೂ ಹೊರಟೇ ಇಲ್ಲ ಕಣೋ. ನಿಮ್ಮ ಭಾವ ಚಪ್ಪಲಿ ಹುಡುಕ್ತಿದ್ದಾರೆ."

ಹೊರಗೆ ಜಗಲಿಯಲ್ಲಿ ಭಾವ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದಕ್ಕಾಗಿ ಬೆಂಚಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ಅಕ್ಕ ಹೋಗಿ ಅವರ ಪಕ್ಕದಲ್ಲಿ ತಾನೂ ಬಗ್ಗಿದಳು.