ತಪ್ಪೈತ್ರಿ ಮ್ಯಾಡಮ್!

"ಮ್ಯಾಡಮ್, ಅದು ತಪ್ಪೈತ್ರಿ!"

ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ಕೊನೆಯ ಬೆಂಚಿನಲ್ಲಿ ಎದ್ದು ನಿಂತಿದ್ದವಳು ಭಾಗ್ಯಶ್ರೀ. ಬಾಗಲಕೋಟೆ ಕಡೆಯ ಹುಡುಗಿ, ಮತ್ತಿಕೆರೆಯ ನಮ್ಮ ಕಾಲೇಜಿಗೆ ಸೇರಿ ತಿಂಗಳೂ ಆಗಿರಲಿಲ್ಲ. "ಅಲ್ಲಿ ಮೈನಸ್ ಬರಬೇಕ್ರಿ, ನೀವು ಪ್ಲಸ್ ಬರದೀರಿ ನೋಡ್ರಿ."

ಬೋರ್ಡ್ ನೋಡಿದೆ. ನಿಜ, ತಪ್ಪಿತ್ತು. ಆದರೆ ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುವವಳಿಗೆ ಹೀಗೆ ಮುಖಕ್ಕೆ ಹೊಡೆದಂತೆ ಹೇಳುವುದೇ? (ಯಲಹಂಕದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ, ಪಿತ್ತ ಮೊದಲೇ ನೆತ್ತಿಗೇರಿತ್ತು.) ಮೈನಸ್ ಹಾಕಿ, "ಮೊದ್ಲು ದೊಡ್ಡವ್ರ ಹತ್ರ ಮಾತಾಡೋದು ಕಲ್ತ್ಕೊಳಮ್ಮ" ಅಂದೆ. ಕ್ಲಾಸು ಕಿಸಕ್ಕೆಂದಿತು. ಅವಳು ಕೂತಳು.

ನಮ್ಮ ಬೆಂಗಳೂರಿನ ಮಕ್ಕಳು ಹಾಗಲ್ಲ ನೋಡಿ. "ಅರ್ಥ ಆಯ್ತಾ?" ಅಂದರೆ "ಯೆಸ್ ಮ್ಯಾಮ್". "ಡೌಟ್ಸ್?" ಅಂದರೆ "ನೋ ಮ್ಯಾಮ್". ಎಷ್ಟು ವಿನಯ!

ಕಳೆದ ವಾರ ಇಂಟರ್ನಲ್ಸ್ ಪೇಪರ್ ತಿದ್ದಲು ಕೂತೆ. ಒಂದು ಲೆಕ್ಕವನ್ನು ಎಲ್ಲರೂ ತಪ್ಪು ಮಾಡಿದ್ದಾರೆ. ಒಂದೇ ಜಾಗದಲ್ಲಿ, ಒಂದೇ ತಪ್ಪು. ಭಾಗ್ಯಶ್ರೀಯದು ಮಾತ್ರ ಸರಿ. ಮೊದಲ ಬೆಂಚಿನ ನಿಖಿಲ್‌ನನ್ನು ಕೇಳಿದೆ.

"ಆ ಮೈನಸ್ ಲೆಕ್ಕದ ಮುಂದಿನ ವಾರ ಇದನ್ನ ಬೋರ್ಡ್ ಮೇಲೆ ನೀವೇ ಹಂಗ್ ಮಾಡಿದ್ರಿ ಮ್ಯಾಮ್. ನಮಗೂ ಡೌಟ್ ಬಂತು. ಬೇಜಾರ್ ಮಾಡ್ಕೋತೀರೇನೋ ಅಂತ ಸುಮ್ನಾದ್ವಿ."

ಭಾಗ್ಯಶ್ರೀಯನ್ನು ಕರೆದೆ. "ನಿಂಗೆ ಗೊತ್ತಿತ್ತಲ್ಲ, ಯಾಕಮ್ಮ ಹೇಳ್ಲಿಲ್ಲ?"

"ಮಾತಾಡೂದು ಕಲಿ ಅಂದಿದ್ರಲ್ರಿ ಮ್ಯಾಡಮ್. ಕಲಿಯಾಕತ್ತೀನ್ರಿ."

ದನಿಯಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. ಮನೆಯಲ್ಲೂ ತಪ್ಪು ಕಂಡರೆ ಹೀಗೇ ಮುಖಕ್ಕೆ ಹೇಳ್ತೀಯಾ ಅಂತ ಕೇಳಿದೆ. "ನಮ್ಮಪ್ಪಾರಿಗೂ ಹಿಂಗ ಹೇಳ್ತೀನ್ರಿ. ತಪ್ಪು ಕಂಡೂ ಸುಮ್ನ ಕುಂತ್ರ ಬೈತಾರ್ರಿ ಅವ್ರು."

ನಾನೋ, ಹೇಳಿದ್ದಕ್ಕೆ ಬೈದಿದ್ದೆ! ಅವಳ ಮಾತಿನ ಜೋರು ಕೇಳಿಸಿತ್ತೇ ಹೊರತು, ಸಾಲು ಸಾಲಿಗೂ ಇದ್ದ 'ರೀ' ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಆ ಹುಡುಗಿಯ ಬಾಯಿ ಕಟ್ಟಿ, ಇಡೀ ಕ್ಲಾಸಿನ ಅಂಕ ಕಳೆದಿದ್ದೆ.

ಮರುದಿನ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಆ ಲೆಕ್ಕದ ಅಂಕ ಎಲ್ಲರಿಗೂ ಕೊಟ್ಟೆ. "ಇನ್ಮೇಲೆ ತಪ್ಪು ಕಂಡ್ರೆ ಅಲ್ಲೇ ಹೇಳ್ರಪ್ಪ" ಎಂದು ಹೊಸ ಲೆಕ್ಕ ಶುರು ಮಾಡಿದೆ. ಕೈ ಬೋರ್ಡಿನ ಮೇಲೆ, ಕಿವಿ ಕೊನೆಯ ಬೆಂಚಿನ ಕಡೆ. ಅವಳು ಇನ್ನು ಬಾಯಿ ಬಿಡದೇ ಹೋದರೆ?

ನಾಲ್ಕನೇ ಸಾಲಿಗೆ ಬಂತು ನೋಡಿ: "ಮ್ಯಾಡಮ್, ಅದೂ ತಪ್ಪೈತ್ರಿ!"

ಇಪ್ಪತ್ತು ವರ್ಷದಲ್ಲಿ ನನಗೆ ಇಷ್ಟು ಮರ್ಯಾದೆ ಕೊಟ್ಟವರು ಇನ್ಯಾರಿದ್ದಾರೆ, ಹೇಳಿ?